ಹಳೇದು ಅಂದ್ರ ಯಾವುದು?

ಗಾದಿಲಿಂಗಪ್ಪನಿಗೆ ಸಿಟ್ಟು ಬಂದದ್ದು ಒಂದೇ ಒಂದು ಮಾತಿಗೆ. ಆ ಮಾತು ‘ಪಾಪ’.

ಮರಳಿ ಎಂಬ ಹಳ್ಳಿಯ ಅತ್ತೆಮನೆಯ ಅಂಗಳದಲ್ಲಿ, ತೊಟ್ಟಿಲ ಕಾರ್ಯಕ್ಕೆ ಬಂದ ಅಷ್ಟೂ ಬೀಗರ ಎದುರಿಗೆ, ಅವನ ಹೆಂಡತಿಯ ತಂಗಿಯ ಗಂಡ ಸಿದ್ದಲಿಂಗೇಶ ಅವನ ಜೀಪಿನ ಬಾನೆಟ್ಟನ್ನು ಮುದಿ ಎತ್ತಿನ ಬೆನ್ನು ತಟ್ಟುವ ಹಾಗೆ ಮೆಲ್ಲಗೆ ತಟ್ಟಿ, “ಪಾಪ” ಅಂದ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ನಕ್ಕಿದ್ದರೆ ಊಟ ಬಿಟ್ಟು ಎದ್ದು ಹೋಗಬಹುದಿತ್ತು. ಪಾಪ ಅಂದವನನ್ನು ಏನು ಮಾಡುವುದು?

ಗಾದಿಲಿಂಗಪ್ಪ ಗಂಗಾವತಿಯಲ್ಲಿ ಭತ್ತ ಕೊಯ್ಯುವ ಯಂತ್ರಗಳಿಗೆ ಬೆಲ್ಟು ಮಾರುವವನು. ಮದುವೆಯಾದ ವರ್ಷವೇ ಕೊಂಡ ಆ ಜೀಪಿಗೆ ಈಗ ಇಪ್ಪತ್ತೆರಡು ತುಂಬಿದೆ. ಅದಕ್ಕೆ ಬಾಗಿಲುಗಳಿಲ್ಲ. ಮಳೆ ಬಂದರೆ ಒಳಗಿದ್ದವರು ಹೊರಗಿದ್ದವರಿಗಿಂತ ಹೆಚ್ಚು ನೆನೆಯುತ್ತಾರೆ. ಚಾಲೂ ಆಗದಿದ್ದರೆ ಸ್ಟೇರಿಂಗಿನ ಪಕ್ಕದ ತಗಡಿಗೆ ಎರಡು ಗುದ್ದು ಕೊಡಬೇಕು. ಹೀಗೆ ಗುದ್ದುವುದನ್ನು ದೋಷವೆಂದು ಯಾರಾದರೂ ಕರೆದರೆ ಗಾದಿಲಿಂಗಪ್ಪ ಒಪ್ಪುತ್ತಿರಲಿಲ್ಲ. ಅದು ಅವರಿಬ್ಬರ ನಡುವಿನ ಮಾತುಕತೆ.

ಅವನ ಹೆಂಡತಿ ವಿರೂಪಾಕ್ಷಮ್ಮನಿಗೆ ಮಾತ್ರ ಈ ಮಾತುಕತೆ ಸಾಕಾಗಿತ್ತು. ಆನೆಗುಂದಿ ಕಡೆ ಹೋಟೆಲ್ ಕಟ್ಟಿಸಿದ ಒಬ್ಬಾತ, ಪ್ರವಾಸಿಗರು ಫೋಟೋ ತೆಗೆಸಿಕೊಳ್ಳಲಿ ಎಂದು ಅದನ್ನು ಗೇಟಿನ ಮುಂದೆ ನಿಲ್ಲಿಸಿ, ಒಳಗೆ ಹೂವಿನ ಕುಂಡ ಇಡಲು ಕ್ರಯಕ್ಕೆ ಕೇಳಿದ್ದ. ಅವಳು ಹೂಂ ಅಂದಿದ್ದಳು. ಸೋಮವಾರ ಒಯ್ಯುವುದೆಂದು ಮಾತಾಗಿತ್ತು.

“ಕುಂಡ! ನಾನು ಕಾರಟಗಿಯಿಂದ ಸಿಂಧನೂರತನಕ ಯಾವ ಗದ್ದೀಗಂದ್ರ ಆ ಗದ್ದೀಗೆ ಬೆಲ್ಟ್ ಒಯ್ದ ಗಾಡ್ಯಾಗ ಹೂವಿನ ಕುಂಡ!” ಎಂದು ಗಾದಿಲಿಂಗಪ್ಪ ವಾರದಿಂದ ಬಡಬಡಿಸುತ್ತಿದ್ದ. ಕೇಳುವವನು ಅವನ ಪಕ್ಕದ ಅಂಗಡಿಯ ಯಮನೂರಸಾಬ ಒಬ್ಬನೇ. ಗಾಡಿಗಳಿಗೆ ಸೀಟು ಹೊಲಿಯುವ ಯಮನೂರಸಾಬ ಆ ದಿನವೂ ಜೊತೆಗೆ ಬಂದಿದ್ದ. ಗೆಳೆಯನ ದುಃಖ ಹಂಚಿಕೊಳ್ಳಲು ಎಂದು ಅವನು ಹೇಳಿದ್ದರೂ, ಮರಳಿಯ ಆ ಮನೆಯ ಗೋಧಿ ಹುಗ್ಗಿಗೆ ಸುತ್ತಲ ಹಳ್ಳಿಗಳಲ್ಲೆಲ್ಲ ಹೆಸರಿತ್ತು.

ಸಿದ್ದಲಿಂಗೇಶ ಕಾರಟಗಿಯ ಅಕ್ಕಿ ದಲಾಲಿ. ಅವನ ಹೆಂಡತಿ ಅಮೃತಾ ತವರಲ್ಲಿ ಹೆತ್ತ ವಾರವೇ ಅವನೂ ಒಂದು ಹೊಸ ಜೀಪು ತಂದಿದ್ದ. ಗಾದಿಲಿಂಗಪ್ಪನ ಜೀಪಿನದೇ ಕಂಪನಿ, ಅದೇ ಹೆಸರು, ಹೊಸ ಮಾಡೆಲ್. ಅಂಗಳದಲ್ಲಿ ಎರಡೂ ಪಕ್ಕಪಕ್ಕ ನಿಂತಿದ್ದವು. ಒಂದು ಕಡುಗೆಂಪು ಬಣ್ಣದಲ್ಲಿ ಹೊಳೆಯುತ್ತಿತ್ತು. ಇನ್ನೊಂದರ ಬಣ್ಣ ಯಾವುದಾಗಿತ್ತೆಂದು ಅದರ ಮಾಲೀಕನೂ ಯೋಚಿಸಿಯೇ ಹೇಳಬೇಕಿತ್ತು.

“ಅಣ್ಣಾರ, ಇದ್ರಾಗ ಸೀಟು ತಂಪ ಆಗತೈತಿ ನೋಡ್ರಿ” ಎಂದ ಸಿದ್ದಲಿಂಗೇಶ.

“ಕುಂದ್ರೂ ಜಾಗಾ ತಂಪ ಮಾಡಿ ಏನ ಮಾಡ್ತೀ? ಅಲ್ಲೇನು ಹಾಲು ಹೆಪ್ಪಿಡ್ತೀ?”

“ಹಿಂದ ಏನೈತಿ ಅಂತ ಮುಂದಿನ ಪರದೆ ಮ್ಯಾಲೆ ಕಾಣತೈತ್ರಿ.”

“ದೇವ್ರು ಕುತಿಗಿ ಯಾಕ ಕೊಟ್ಟಾನ? ಹೊಳ್ಳಿ ನೋಡಾಕ!”

“ಬೆಲ್ಟ್ ಹಾಕ್ಕೊಳ್ಳಲಿಲ್ಲಂದ್ರ ಅದ ಹೇಳತೈತಿ.”

“ಮನಿಯಾಗ ಹೇಳಾಕಿ ಅದಾಳ. ಗಾಡ್ಯಾಗೂ ಒಬ್ಬಾಕಿ ಯಾಕ ಬೇಕು?”

ಅಂಗಳ ನಕ್ಕಿತು. ವಿರೂಪಾಕ್ಷಮ್ಮ ನಗಲಿಲ್ಲ. ಅತ್ತೆ ಹಂಪವ್ವ ಬಾಗಿಲಲ್ಲಿ ನಿಂತು, “ಸಣ್ಣ ಅಳಿಯಾರ ಗಾಡಿ ಭಾಳ ಛಲೋ ಐತಪಾ, ನನ್ನ ಮೊಣಕಾಲ ನೋಯ್ಲೇ ಇಲ್ಲ” ಎಂದು ತೀರ್ಪು ಕೊಟ್ಟಳು. ದೊಡ್ಡ ಅಳಿಯನ ಗಾಡಿಯಲ್ಲಿ ಆಕೆಯ ಮೊಣಕಾಲು ಇಪ್ಪತ್ತೆರಡು ವರ್ಷ ನೊಂದ ಸಂಗತಿ ಈ ಒಂದೇ ವಾಕ್ಯದಲ್ಲಿ ಸಭೆಗೆ ತಿಳಿಯಿತು.

ಗಾದಿಲಿಂಗಪ್ಪನ ಕಿವಿ ಕೆಂಪಾದವು. “ಕೆಸರ ಗದ್ದ್ಯಾಗ ಇಳಿಸಿದ ಮ್ಯಾಲೆ ಹೇಳ್ರಿ ಮಾತು. ಅಂಗಳದಾಗ ಎಲ್ಲಾ ಗಾಡೀನೂ ಛಲೋನ. ಗದ್ದ್ಯಾಗ ಈ ಹೊಸಾದು ಕೆಟ್ಟು ನಿಂತ್ರ ನಮ್ಮದು ಮಾರೂದಿಲ್ಲ. ನಿಲ್ಲಲಿಲ್ಲಂದ್ರ ಸೋಮವಾರ ಕುಂಡಾ ನಾನ ಒಯ್ದು ಇಡ್ತೀನಿ!”

“ಎಲ್ಲಾರೂ ಕೇಳಿದ್ರಿಲ್ಲೊ?” ಎಂದಳು ವಿರೂಪಾಕ್ಷಮ್ಮ.

ಸಿದ್ದಲಿಂಗೇಶ ಒಳ್ಳೆಯ ಮನುಷ್ಯ. ಗಾದಿಲಿಂಗಪ್ಪನಿಗೆ ಅವನ ಮೇಲಿದ್ದ ಮುಖ್ಯ ತಕರಾರೂ ಅದೇ. “ನೀವ ಓಡಿಸಿ ನೋಡ್ರಿ ಅಣ್ಣಾರ” ಎಂದು ಅವನೇ ಜೀಪಿನ ಬಳಿ ಹೋಗಿ, ಒಂದು ಗುಂಡಿ ಒತ್ತಿ ಚಾಲೂ ಮಾಡಿಕೊಟ್ಟ. ಅಷ್ಟರಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹೊತ್ತಾಯಿತು, ಅಪ್ಪ ಬೇಕು ಎಂದು ಹೆಂಗಸರು ಅವನನ್ನು ಒಳಗೆ ಎಳೆದುಕೊಂಡು ಹೋದರು. ಜೀಪಿನ ಕೀಲಿ ಅವನ ಜೇಬಿನಲ್ಲೇ ಉಳಿಯಿತು. ಈ ಮಾಡೆಲ್ಲಿಗೆ ಕೀಲಿ ತಿರುವುವ ತೂತೇ ಇರಲಿಲ್ಲ. ಕೀಲಿ ಒಳಗೆಲ್ಲಾದರೂ ಇದ್ದರೆ ಸಾಕು, ಇಲ್ಲದಿದ್ದರೆ ಒಮ್ಮೆ ಆರಿದ ಯಂತ್ರ ಮತ್ತೆ ಏಳದು. ಗಾದಿಲಿಂಗಪ್ಪನಿಗೆ ಇದನ್ನು ಯಾರೂ ಹೇಳಲಿಲ್ಲ. ಅವನು ಕೇಳುವವನೂ ಅಲ್ಲ.

“ಬರ್ರಿ ಸಾಬ್ರ” ಎಂದು ಯಮನೂರಸಾಬನನ್ನು ಕರೆದ.

“ನೀವು ಹೋಗಿ ಬರ್ರಿ ಗಾದಿಲಿಂಗಣ್ಣ. ಪಂಕ್ತಿ ಹಾಕಾಕ ಹತ್ಯಾರ” ಎಂದ ಯಮನೂರಸಾಬ.

ಜೀಪು ಅಂಗಳ ದಾಟುತ್ತಲೇ ಟುಂಯ್ ಟುಂಯ್ ಎಂದು ಕೂಗಿತು. “ಸುಮ್ಕಿರು, ಬೆಲ್ಟ್ ಹಾಕ್ಕೊಂಡೀನಿ!” ಎಂದು ಗಾದಿಲಿಂಗಪ್ಪ ಗದರಿಸಿದ. ಕಾಲುವೆಯ ದಂಡೆ ಹಿಡಿದು ಹೋದ. ಮೊದಲು ಒಂದು ತಗ್ಗಿಗೆ ಇಳಿಸಿದ. ಜೀಪು ಇಳಿದು ಹತ್ತಿತು. ಬೇಕೆಂದೇ ಇನ್ನೂ ದೊಡ್ಡ ತಗ್ಗು ಹುಡುಕಿ ಇಳಿಸಿದ. ಅದನ್ನೂ ಹತ್ತಿತು. ಹುಗ್ಗಿಯ ಬಟ್ಟಲು ಇಟ್ಟಿದ್ದರೂ ತುಳುಕುತ್ತಿರಲಿಲ್ಲ. ತಪ್ಪು ಮಾಡದ ಗಾಡಿಯನ್ನು ಓಡಿಸುವುದು ಎಂಥ ಅವಮಾನವೆಂದು ಅವನಿಗೆ ಅವತ್ತೇ ತಿಳಿದದ್ದು. ಕೊನೆಗೆ ನಾಟಿಗೆ ಹದಮಾಡಿ ನೀರು ಕಟ್ಟಿದ್ದ ಅತ್ತೆಯ ಗದ್ದೆಗೇ ನುಗ್ಗಿಸಿದ. ಜೀಪು ಎಮ್ಮೆಯಷ್ಟು ನಿರಾಳವಾಗಿ ನಡುಗದ್ದೆಗೆ ಹೋಗಿ ನಿಂತಿತು.

“ನಡಿಯೂದು ದೊಡ್ಡದಲ್ಲ. ನಡು ಕೆಸರಿನಾಗ ಆರಿಸಿದ ಮ್ಯಾಲೆ ಹೊಳ್ಳಿ ಚಾಲೂ ಆಗಬೇಕು” ಎಂದು ಹೊಸ ನಿಯಮ ಮಾಡಿಕೊಂಡು ಗುಂಡಿ ಒತ್ತಿ ಆರಿಸಿದ. ಮತ್ತೆ ಒತ್ತಿದ. ಪರದೆಯ ಮೇಲೆ ಏನೋ ಮೂಡಿತು. ದೀಪಗಳು ಮಿನುಗಿದವು. ಯಂತ್ರ ಏಳಲಿಲ್ಲ.

ಇಪ್ಪತ್ತು ನಿಮಿಷದಲ್ಲಿ ಮೊದಲ ಸಲ ಗಾದಿಲಿಂಗಪ್ಪನ ಮುಖ ಅರಳಿತು. ತಗಡಿಗೆ ಎರಡು ಗುದ್ದು ಕೊಡೋಣವೆಂದರೆ ತಗಡೇ ಸಿಗಲಿಲ್ಲ, ಎಲ್ಲ ಮೆತ್ತಗೆ. ಕೀಲಿ ಹಾಕುವ ತೂತಾದರೂ ಎಲ್ಲಿದೆ ಎಂದು ಮೇಲೆ ಕೆಳಗೆ ತಡಕಾಡುತ್ತ ಕನ್ನಡಿಯ ಹತ್ತಿರದ ಸಣ್ಣ ಮುಚ್ಚಳ ತೆರೆದು, ಒಳಗಿದ್ದ ಕೆಂಪು ಗುಂಡಿ ಒತ್ತಿದ.

“ನಮಸ್ಕಾರ, ತುರ್ತು ಸಹಾಯ ಕೇಂದ್ರ. ಏನಾಗಿದೆ ಸರ್?” ಎಂದಿತು ಜೀಪು, ಹೆಣ್ಣುದನಿಯಲ್ಲಿ.

ಗಾದಿಲಿಂಗಪ್ಪ ಹಿಂದಿನ ಸೀಟು ನೋಡಿದ. ಯಾರೂ ಇಲ್ಲ. ಬೆಂಗಳೂರಿನಲ್ಲೆಲ್ಲೋ ಕುಳಿತ ಹುಡುಗಿ ಎಂದು ಹೊಳೆಯಲು ತುಸು ಹೊತ್ತು ಬೇಕಾಯಿತು. ಹೊಳೆದ ಕೂಡಲೇ, ಈಕೆ ಜೀಪು ಮಾಡಿದ ಕಂಪನಿಯವಳು ಎಂದು ತೀರ್ಮಾನಿಸಿದ. ಬೈಯಲು ಇಷ್ಟು ತಕ್ಕ ಮನುಷ್ಯರು ತಾವಾಗಿ ಸಿಗುವುದು ಅಪರೂಪ.

“ಏನಾಗೇತಿ ಅಂತ ನನ್ನ ಕೇಳ್ತೀಯೇನವ್ವಾ? ಸತ್ತ ಬಿದ್ದೈತಿ! ನಡು ಗದ್ದ್ಯಾಗ ಸತ್ತ ಬಿದ್ದೈತಿ!”

“ಯಾರು ಸರ್? ಯಾರು ಸತ್ತಿರೋದು?”

“ಇದ! ಇನ್ಯಾರು? ಇನ್ನೂ ತಿಂಗಳು ತುಂಬಿಲ್ಲ ಇದಕ್ಕ. ಮೊನ್ನಿ ಆರತಿ ಮಾಡಿ ಒಳಗ ಕರಕೊಂಡಾರ!”

“ಅಯ್ಯೋ ದೇವರೇ. ಅಷ್ಟು ಎಳೇ ಕೂಸಾ ಸರ್?”

“ಕೂಸ ಅನ್ನು! ಕೂಸಿನಂಗ ಜ್ವಾಪಾನ ಮಾಡಿದ್ರು. ಬಿಸಲಾಗ ನಿಲ್ಲಿಸಬಾರದು, ಧೂಳು ತಾಗಬಾರದು. ಏನ ಬಂತು?”

“ಉಸಿರಾಟ ಇದೆಯಾ ನೋಡಿ ಸರ್.”

“ಉಸಿರಿಲ್ಲ, ದನಿಯಿಲ್ಲ. ಕಣ್ಣಷ್ಟ ಪಿಳಿಪಿಳಿ ಮಾಡಾಕ ಹತ್ತೈತಿ.”

“ಹಾಗಾದ್ರೆ ಜೀವ ಇದೆ ಸರ್! ಆಂಬುಲೆನ್ಸ್ ಕಳಿಸ್ತೀನಿ. ಅಲ್ಲೀತನಕ ಅಲುಗಾಡಿಸಬೇಡಿ, ಹೊಡೀಬೇಡಿ.”

“ಹೊಡಿಯಾಕ ಇದೇನು ನಮ್ಮ ಹಳೇದನ? ಹಳೇದು ಹಿಂಗ ಮಲಗಿದ್ರ ಎರಡು ಗುದ್ದತೀನಿ ನೋಡು, ಎದ್ದು ಓಡತೈತಿ. ಇಪ್ಪತ್ತೆರಡು ವರ್ಷ ಗುದ್ದೀನಿ. ಒಂದು ದಿನ ತಕರಾರ ಮಾಡಿಲ್ಲ!”

ಹುಡುಗಿಯ ದನಿ ಗಡುಸಾಯಿತು. “ಹಳೇದು ಅಂದ್ರೆ ಮನೇಲಿರೋರಾ?”

“ಮತ್ತೆಲ್ಲಿರತೈತಿ? ಈಗ ಅದನ್ನ ಹೋಟೆಲ್ಲಿನವಗ ಮಾರಬೇಕಂತ ಮಾಡ್ಯಾರ. ಅವ ಬಾಗಲದಾಗ ನಿಲ್ಲಿಸಿ, ಬಂದವ್ರ ಸಂಗಾಟ ಫೋಟೋ ತೆಗಸ್ತಾನಂತ. ಇದು ನ್ಯಾಯೇನವ್ವಾ?”

“ನೀವು ಅಲ್ಲೇ ಇರಿ. ಎಲ್ಲೂ ಹೋಗಬೇಡಿ” ಎಂದು ಹುಡುಗಿ ಹಲ್ಲು ಕಚ್ಚಿ ಹೇಳಿದಳು.

“ಎಲ್ಲಿ ಹೋಗ್ಲಿ? ಮೊಣಕಾಲ ಮಟ ಕೆಸರೈತಿ, ನಾ ಉಟ್ಟಿದ್ದು ಬಿಳೇ ಧೋತರ” ಎಂದ ಗಾದಿಲಿಂಗಪ್ಪ. ಕಂಪನಿಯವರಿಗೆ ಸರಿಯಾಗಿ ಮುಟ್ಟಿಸಿದೆನೆಂಬ ಸಮಾಧಾನದಿಂದ ಸೀಟಿಗೆ ಒರಗಿದ. ಅದು ಇನ್ನೂ ತಂಪಾಗಿತ್ತು.

ಹುಡುಗಿ ಮೊದಲು ಆಂಬುಲೆನ್ಸಿಗೆ ಹೇಳಿದಳು. ಆಮೇಲೆ ಪೊಲೀಸರಿಗೆ. ಆಮೇಲೆ ಜೀಪಿನ ಮಾಲೀಕನಿಗೆ.

ಸಿದ್ದಲಿಂಗೇಶ ಗದ್ದಲದಲ್ಲಿ ಕೇಳಿಸದೆಂದು ಫೋನನ್ನು ಜೋರು ಮಾಡಿ ಹಿಡಿದಿದ್ದ. ಹೀಗಾಗಿ ಸುದ್ದಿ ಇಡೀ ಪಡಸಾಲೆಗೆ ಒಟ್ಟಿಗೇ ತಲುಪಿತು. “ಸರ್, ನಿಮ್ಮ ಗಾಡಿ ಕಾಲುವೆ ಪಕ್ಕದ ಗದ್ದೇಲಿದೆ. ಒಳಗೆ ತಿಂಗಳು ತುಂಬದ ಮಗು. ಪರಿಸ್ಥಿತಿ ಗಂಭೀರ. ಜೊತೇಲಿರೋರು ಮನೇಲಿರೋ ಹೆಂಗಸನ್ನ ‘ಹಳೇದು’ ಅಂತಾರೆ, ಅವರನ್ನ ಇಪ್ಪತ್ತೆರಡು ವರ್ಷದಿಂದ ಗುದ್ದುತಿದ್ದಾರಂತೆ.”

ಎಲ್ಲರೂ ತೊಟ್ಟಿಲ ಕಡೆ ತಿರುಗಿದರು. ತೊಟ್ಟಿಲು ಖಾಲಿ.

ಅಮೃತಾ ಕಿಟಾರನೆ ಕಿರುಚಿದಳು. ಸಿದ್ದಲಿಂಗೇಶ ತೊಟ್ಟಿಲ ಬಟ್ಟೆ ಕೊಡವಿದ. ಒಬ್ಬಾಕೆ ತೊಟ್ಟಿಲನ್ನೇ ಮಗುಚಿ ನೋಡಿದಳು. ಆಗ ಹಂಪವ್ವ ಹಿತ್ತಲ ಕೋಣೆಯಿಂದ, ಕಾಡಿಗೆ ಹಚ್ಚಿಸಿಕೊಂಡ ಕೂಸನ್ನು ಎತ್ತಿಕೊಂಡು ಬಂದು, “ಏನಾತ್ರವಾ, ಹೆಸರಿನ್ನೂ ಇಟ್ಟಿಲ್ಲ, ಆಗಲೇ ಜಗಳಾನ?” ಎಂದಳು.

ಅಮೃತಾ ಮಗುವನ್ನು ಕಸಿದುಕೊಂಡು ಎದೆಗೊತ್ತಿಕೊಂಡಳು. ಪಡಸಾಲೆ ಉಸಿರುಬಿಟ್ಟಿತು. ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಆದರೆ ಎರಡನೇ ಸಲ ಹುಗ್ಗಿ ಹಾಕಿಸಿಕೊಳ್ಳುತ್ತಿದ್ದ ಯಮನೂರಸಾಬ ಎಲೆಯಿಂದ ತಲೆಯೆತ್ತಿ, “ಹಂಗಾರ ಗಾಡ್ಯಾಗಿನ ಕೂಸು ಯಾರದ್ರಿ?” ಎಂದುಬಿಟ್ಟ.

ಒಬ್ಬೊಬ್ಬರಾಗಿ ಎಲ್ಲರೂ ವಿರೂಪಾಕ್ಷಮ್ಮನ ಕಡೆ ನೋಡಿದರು.

“ಇಪ್ಪತ್ತೆರಡು ವರ್ಷ ಹೊಡತಾ ತಿಂದು ಬಾಯಿ ಬಿಡಲಿಲ್ಲಲ್ಲ ನಮ್ಮವ್ವಾ!” ಎಂದು ಚಿಕ್ಕಮ್ಮನೊಬ್ಬಳು ಅವಳನ್ನು ತಬ್ಬಿಕೊಂಡಳು.

“ನನಗ? ಅವರು ಹೊಡಿಯೂದು?” ವಿರೂಪಾಕ್ಷಮ್ಮ ಬಿಡಿಸಿಕೊಂಡಳು. “ನನ್ನ ಎದುರು ದನಿ ಏರಿಸಿದ ದಿನ ಇಲ್ಲ, ಗುದ್ದತಾರ? ಅದು ಇರಲಿ. ಹಳೇದು ಅಂದ್ರಂತಲ್ಲ. ಹಳೇದು ಅಂದ್ರ ಯಾವುದು? ನಾನ? ಮತ್ತ ಹೊಸಾದು ಎಲ್ಲೈತಿ?”

ಹೊಡೆತಕ್ಕಿಂತ ಆ ಒಂದು ಶಬ್ದವೇ ಅವಳನ್ನು ಸುಟ್ಟಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಳಕ್ಕೆ ಬಂದಳು. ಅಲ್ಲಿದ್ದ ಗಾಡಿ ಹಳೆಯ ಜೀಪೊಂದೇ. ಯಮನೂರಸಾಬ ಕೈ ತೊಳೆದು ಸ್ಟೇರಿಂಗಿಗೆ ಕುಳಿತ. ಉಳಿದವರು ಎಲ್ಲಿ ಕಾಲಿಡಲು ಬಂದರೆ ಅಲ್ಲಿ ಹತ್ತಿದರು. ಬಾಗಿಲಿಲ್ಲದ್ದರಿಂದ ಇಷ್ಟೇ ಜನ ಎಂಬ ಮಿತಿಯೂ ಇರಲಿಲ್ಲ. ಅದರಲ್ಲೇ ಬಿಟ್ಟಿದ್ದ ಕೀಲಿ ತಿರುವಿದರೆ ಜೀಪು ಕೆಮ್ಮಿ ಸುಮ್ಮನಾಯಿತು. ಮತ್ತೆ ತಿರುವಿದರೂ ಅಷ್ಟೇ.

“ಏಳ್ತೀಯೋ ಇಲ್ಲೊ!” ಎಂದು ವಿರೂಪಾಕ್ಷಮ್ಮ ಗಂಡನಿಗೆಂದು ಕೂಡಿಟ್ಟ ಬಲವನ್ನೆಲ್ಲ ಮುಷ್ಟಿಗೆ ತಂದು ಆ ತಗಡಿಗೆ ಗುದ್ದಿದಳು. ಅವಳು ಆ ಜೀಪಿಗೆ ಕೈ ಹಚ್ಚಿದ್ದು ಅದೇ ಮೊದಲು. ಜೀಪು ಗರ್ಜಿಸಿ ಎದ್ದಿತು. ಅವಳಿಗೆ ಎದೆ ಒಂದಿಷ್ಟು ಹಗುರಾದದ್ದು ಹತ್ತಿರ ಕುಳಿತ ಹಂಪವ್ವನಿಗೆ ಕಂಡಿತು.

ಅವರು ಕಾಲುವೆ ತಲುಪುವ ಹೊತ್ತಿಗೆ ಆಂಬುಲೆನ್ಸು ದಂಡೆಯ ಮೆತ್ತನೆಯ ಮಣ್ಣಿನಲ್ಲಿ ಹಿಂದಿನ ಗಾಲಿ ಹೂತು ನಿಂತಿತ್ತು. ಎಎಸ್‌ಐ ಬಸವಕುಮಾರ ಬೈಕಿನಿಂದಿಳಿದು ಬೂಟು ನೋಡಿಕೊಳ್ಳುತ್ತ, ಗದ್ದೆಗೆ ಇಳಿಯುವುದೋ ಬೇಡವೋ ಎಂದು ಯೋಚಿಸುತ್ತಿದ್ದರು. ಇಷ್ಟು ಜನ ತನ್ನ ಗೆಲುವು ನೋಡಲು ಬಂದರೆಂದು ಗಾದಿಲಿಂಗಪ್ಪ ಜೀಪಿನ ಬಾಗಿಲು ತೆರೆದು, ಮೆಟ್ಟಿಲ ಮೇಲೆ ನಿಂತು ಎರಡೂ ಕೈ ಎತ್ತಿದ.

“ಬರ್ರಿ, ಬರ್ರಿ! ಎಲ್ಲಾರೂ ನೋಡ್ರಿ! ಸತ್ತೈತಿ!”

“ನಗಾಕ ಹತ್ಯಾನಲ್ರೀ” ಎಂದು ನರ್ಸು ಬೆಚ್ಚಿಬಿದ್ದಳು.

“ಕೂಸು ಎಲ್ಲೈತಿ?” ಎಂದು ಬಸವಕುಮಾರ ಗುಡುಗಿದರು.

“ಯಾವ ಕೂಸ್ರೀ?”

“ಆಟ ಆಡಬ್ಯಾಡ. ತಿಂಗಳು ತುಂಬಿಲ್ಲ ಅಂತ ನೀನ ಹೇಳೀದಿ. ಎಲ್ಲಿಂದ ತಂದೀ?”

“ಓ, ಇದು? ಹೊಸಪೇಟಿಯಿಂದ ತಂದದ್ರೀ. ನಾ ತಂದಿಲ್ಲ, ಅವ ತಂದಾನ.” ಗಾದಿಲಿಂಗಪ್ಪ ಸಿದ್ದಲಿಂಗೇಶನ ಕಡೆ ಬೆರಳು ಮಾಡಿದ. “ಅವಂದ ಇದು. ಊರ ತುಂಬಾ ಮೆರಸ್ಯಾನ, ಬೇಕಾದ್ರ ಕೇಳ್ರಿ.”

ಅಮೃತಾ ಕೂಸನ್ನು ಹಂಪವ್ವನ ಕೈಗಿಟ್ಟಳು. “ಅದಕ್ಕ ವಾರಾ ವಾರಾ ಹೊಸಪೇಟಿಗೆ ಹೋಗ್ತಿದ್ರೇನು?”

“ಗಾಡಿ ಬುಕ್ ಮಾಡಾಕ ಹೋಗಿದ್ನೇ ಮಾರಾಯ್ತಿ!” ಸಿದ್ದಲಿಂಗೇಶ ಅಳುವಂತಾದ.

ಬಸವಕುಮಾರ ಗಾದಿಲಿಂಗಪ್ಪನ ಕಡೆಯೇ ನೋಡುತ್ತಿದ್ದರು. “ಮನಿಯಾಗಿನ ಹಳೇ ಹೆಂಗಸನ್ನ ಹೋಟೆಲ್ಲಿನವಗ ಮಾರಾಕ ಹತ್ತೀರಂತಲ್ಲ. ವ್ಯವಹಾರ ಯಾರು ಕುದುರಿಸಿದ್ದು?”

ಹೋಟೆಲ್ ಎಂದ ಕೂಡಲೇ ವಿರೂಪಾಕ್ಷಮ್ಮ ಮುಂದೆ ಬಂದಳು. ಅವಳಿಗೆ ಒಂದೇ ವಿಷಯ ಹೊಳೆದಿತ್ತು. “ಅದು ನಾನ ಮಾತಾಡಿದ್ದು ಸಾಹೇಬ್ರ. ಸೋಮವಾರ ಒಯ್ತಾರ.”

ದಂಡೆಯ ಮೇಲಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ಆಗಿನಿಂದ ಅವಳನ್ನು ತಬ್ಬಿಕೊಂಡೇ ಇದ್ದ ಚಿಕ್ಕಮ್ಮ ಕೈ ಬಿಟ್ಟಳು.

“ನಿನ್ನನ್ನ ನೀನ ಮಾರತೀಯೇನವ್ವಾ?” ಎಂದರು ಬಸವಕುಮಾರ.

“ನನ್ನನ್ನಲ್ರೀ! ಈ ಜೀಪ!” ಅವಳು ಹಿಂದಿದ್ದ ಹಳೆಯ ಜೀಪಿಗೆ ಕೈ ಮಾಡಿದಳು. “ಅದರಾಗ ಹೂವಿನ ಕುಂಡಾ ಇಡ್ತಾರಂತ...” ಅನ್ನುವಾಗಲೇ ಅವಳ ಮಾತು ನಿಧಾನವಾಯಿತು. “ಅಂದ್ರ, ಹಳೇದು ಅಂದದ್ದು...”

ಇತ್ತ ಸಿದ್ದಲಿಂಗೇಶ, ಹೆಂಡತಿಯ ಕಣ್ಣಿನಿಂದ ತಪ್ಪಿಸಿಕೊಳ್ಳಲು ಕೆಸರೇ ವಾಸಿಯೆಂದು, ಗದ್ದೆಗಿಳಿದು ತನ್ನ ಜೀಪಿನತ್ತ ನಡೆದಿದ್ದ. ಅವನು ಬಾಗಿಲ ಹತ್ತಿರ ಬರುತ್ತಲೇ ಜೀಪಿನ ಕನ್ನಡಿಗಳು ಕಿವಿಯ ಹಾಗೆ ಅರಳಿದವು. ಸತ್ತದ್ದನ್ನು ಎಲ್ಲರಿಗೂ ತೋರಿಸಲು ಗಾದಿಲಿಂಗಪ್ಪ ಸೀಟಿಗೆ ಮರಳಿ ಗುಂಡಿ ಒತ್ತಿದ. ಜೀಪು ಸುಮ್ಮನೆ, ಏನೂ ಆಗಿಲ್ಲವೆಂಬಂತೆ ಚಾಲೂ ಆಯಿತು.

“ಕೀಲಿ ನನ್ನ ಕಿಸೇದಾಗ ಉಳಿದಿತ್ತು ಅಣ್ಣಾರ” ಎಂದ ಸಿದ್ದಲಿಂಗೇಶ.

ಗಾದಿಲಿಂಗಪ್ಪ ಗುಂಡಿಯಿಂದ ಕೈ ಕಿತ್ತುಕೊಂಡ. ತೆರೆದ ಬಾಯಿ ನಿಲ್ಲಲಿಲ್ಲ. “ಅಂದ್ರ ಇದು ನೀ ಬಂದ್ರಷ್ಟ ಏಳತೈತಿ? ಹಿರೇರು ಕುಂತಾರ, ಮುಂಜಾನಿಯಿಂದ ಒತ್ತಾಕ ಹತ್ಯಾರ ಅಂತ ಒಂದು ಮರ್ಯಾದಿ ಬ್ಯಾಡೇನ ಇದಕ್ಕ? ಸಾಹೇಬ್ರ, ಬರಕೋರಿ! ಇದ ನೋಡ್ರಿ ಅಪರಾಧ!”

ಬಸವಕುಮಾರ ಏನನ್ನೂ ಬರೆದುಕೊಳ್ಳಲಿಲ್ಲ. ತುರ್ತು ಗುಂಡಿಯನ್ನು ಆಟಕ್ಕೆ ಒತ್ತಿದವರಿಗೆ ಏನು ಮಾಡಬಹುದೆಂದು ಅವರು ವಿವರಿಸಿದ ರೀತಿಗೆ ಕಾಲುವೆಯ ಆಚೆ ದಂಡೆಯವರೂ ಕೆಲಸ ನಿಲ್ಲಿಸಿ ಕೇಳಿದರು. ಕೊನೆಗೆ, “ಹಳೇದು ಅಂದ್ರ ಜೀಪು, ಹೇಣ್ತಿ ಅಲ್ಲ, ಅಂತ ಎಲ್ಲಾರ ಮುಂದ ಹೇಳು” ಎಂದರು. ಗಾದಿಲಿಂಗಪ್ಪ ಹೇಳಿದ. “ಜೋರಾಗಿ ಹೇಳ್ರಿ” ಎಂದಳು ವಿರೂಪಾಕ್ಷಮ್ಮ. ಅವನು ಜೋರಾಗಿ ಹೇಳಿದ. ನರ್ಸು, ಬಂದದ್ದು ದಂಡವಾಗದಿರಲಿ ಎಂದು ಅವನ ಬಿಪಿ ನೋಡಿ, ಈ ಮನುಷ್ಯನನ್ನು ಇನ್ನು ಯಾರೂ ಬೈಯಬೇಡಿರೆಂದು ಅಪ್ಪಣೆ ಮಾಡಿದಳು.

ಹೂತುಹೋದ ಆಂಬುಲೆನ್ಸು ಉಳಿಯಿತು. ಸಿದ್ದಲಿಂಗೇಶನ ಜೀಪು ಗದ್ದೆಯಿಂದ ತಾನಾಗಿ ಹತ್ತಿ ಬಂದಿತಾದರೂ, ಹಗ್ಗ ಕಟ್ಟುವ ಕೊಂಡಿಯನ್ನು ಕಂಪನಿಯವರು ಬಿಚ್ಚಿ ಒಂದು ಚೀಲದಲ್ಲಿ ಕೊಟ್ಟಿದ್ದರಂತೆ. ಆ ಚೀಲ ಕಾರಟಗಿಯ ಮನೆಯಲ್ಲಿತ್ತು. ಹಳೆಯ ಜೀಪಿನ ಹಿಂದೆ ಎತ್ತಿನ ಕೊಂಬಿನಷ್ಟು ದಪ್ಪದ ಕೊಂಡಿ ಮೊದಲಿನಿಂದಲೂ ಇತ್ತು. ಅದಕ್ಕೆ ಬಡಿದು ಮೊಣಕಾಲು ಒಡೆದುಕೊಳ್ಳದ ಬೀಗರೇ ಇರಲಿಲ್ಲ. ಗಾದಿಲಿಂಗಪ್ಪ ಹಗ್ಗ ಕಟ್ಟಿ ಕೀಲಿ ತಿರುವಿದ. ಜೀಪು ಕೆಮ್ಮಿತು. ಅವನು ಮುಷ್ಟಿ ಎತ್ತಿದ.

“ಸರೀರಿ” ಎಂದು ವಿರೂಪಾಕ್ಷಮ್ಮ ಪಕ್ಕಕ್ಕೆ ಹತ್ತಿ ಕುಳಿತಳು. ಗುದ್ದಿದಳು. ಆಂಬುಲೆನ್ಸು ಒಂದೇ ಎಳೆತಕ್ಕೆ ಮೇಲೆ ಬಂತು. ಅದರ ಚಾಲಕ ಕೈ ಮುಗಿದ. ಅವಳು ಅಲ್ಲೇ ಕುಳಿತು ಫೋನು ತೆಗೆದಳು.

“ಹೋಟೆಲ್ಲಿನವ್ರೇನ್ರಿ? ಸೋಮವಾರ ಬರಬ್ಯಾಡ್ರಿ... ಇಲ್ರಿ, ರೊಕ್ಕದ ಮಾತಲ್ಲ. ಗುದ್ದಾಕ ಏನಾರ ಬೇಕಾಗತೈತ್ರಿ ಮನಿಯಾಗ.”

ಗಾದಿಲಿಂಗಪ್ಪನ ಮುಖದಲ್ಲಿ ನಗೆ ಮೂಡುವಷ್ಟರಲ್ಲಿ ಅವಳು ಶರತ್ತು ಹಾಕಿದಳು. “ಆದ್ರ ಬಾಗಲಾ ಹಾಕಸಬೇಕು. ಮ್ಯಾಲೆ ಗಟ್ಟಿ ಟಾಪ್ ಬೇಕು. ಸೀಟು ಮೆತ್ತಗ ಆಗಬೇಕು. ನನ್ನ ಕಡೆ ಒಂದ ಫ್ಯಾನ್ ಬೇಕು.”

“ಬಾಗಲಾ? ಫ್ಯಾನ್? ಅದೇನು ಗಾಡಿನೋ ಕಲ್ಯಾಣ ಮಂಟಪನೋ?”

“ಹೋಟೆಲ್ಲಿನವಗ ಮತ್ತ ಹಚ್ಚಲೇನು ಫೋನು?”

ಹಿಂದಿನ ಸೀಟಿನಲ್ಲಿ ಯಮನೂರಸಾಬ ಆಗಲೇ ಗೇಣು ಹಾಕಿ ಅಳತೆ ತೆಗೆಯುತ್ತಿದ್ದ.

ಆ ಮಧ್ಯಾಹ್ನ ಕೂಸಿಗೆ ಆರಿಸಿಟ್ಟಿದ್ದ ಹೊಸ ಹೆಸರುಗಳನ್ನೆಲ್ಲ ಬಿಟ್ಟು, ಯಾರೂ ನೆನೆಸದ ಹಾಗೆ ಅಜ್ಜಿ ಹಂಪವ್ವನ ಹೆಸರನ್ನೇ ಇಟ್ಟರು. ಹೊಸದೇನನ್ನೂ ಅವತ್ತು ಯಾರೂ ಸಹಿಸುವ ಸ್ಥಿತಿಯಲ್ಲಿರಲಿಲ್ಲ.

ಜೀಪಿನ ಕೆಲಸ ತಿಂಗಳು ಹಿಡಿಯಿತು. ನಾಲ್ಕು ಬಾಗಿಲು, ಹಸಿರು ಬಣ್ಣ, ಯಮನೂರಸಾಬ ಹೊಲಿದ ದಪ್ಪ ಸೀಟು, ಎಡಗಡೆ ಗಿರಗಿರ ತಿರುಗುವ ಫ್ಯಾನು. ಮೊದಲ ದಿನ ಅದನ್ನು ಗಂಗಾವತಿಯ ಪೆಟ್ರೋಲ್ ಬಂಕಿಗೆ ಒಯ್ದಾಗ ಬಂಕಿನವನು ಬಾಯಿ ತೆರೆದು ನೋಡಿ, “ಹೊಸಾದೇನ್ರಿ ಸಾಹುಕಾರ?” ಎಂದ.

“ಹೊಸಾದು ಅಂತ ಯಾವನೋ ಅಂದಾವ? ಇಪ್ಪತ್ತೆರಡು ವರ್ಷದ ಗಾಡಿನ ಹೊಸಾದು ಅಂತೀಯಾ?” ಎಂದು ಗಾದಿಲಿಂಗಪ್ಪ ಮೈಮೇಲೆ ಹೋದ.

ಎರಡನೇ ಸಲ ಬಂಕಿನವನು ಜಾಣನಾಗಿ, “ಹಳೇದ ಅಲ್ರೀ ಇದು?” ಎಂದ.

“ಹಳೇದು? ಬಾಗಲಾ ನೋಡು, ಟಾಪ್ ನೋಡು, ಫ್ಯಾನ್ ನೋಡು! ಕಣ್ಣಾಗ ಏನ ಬಿದ್ದೈತಿ ನಿನಗ?”

ಈಗ ಆ ಬಂಕಿನಲ್ಲಿ ಹಸಿರು ಜೀಪು ಬಂದು ನಿಂತರೆ ಬಂಕಿನವನು ಮೊದಲು ಕೈಮುಗಿದು, ವಿರೂಪಾಕ್ಷಮ್ಮ ಕುಳಿತ ಕಡೆಗೇ ಹೋಗಿ, ಎಣ್ಣೆ ಎಷ್ಟು ಹಾಕಬೇಕೆಂದು ಅವಳನ್ನು ಕೇಳುತ್ತಾನೆ.